ಮೇಷ್ಟ್ರ ಹೆಸರಿನ ನಕಲಿ ಖಾತೆ: ತಮ್ಮನಿಗೆ ಹೇಗೆ ತಿಳಿಸುವುದು?

ಹಾಸನದಲ್ಲಿ ಇಂಜಿನಿಯರಿಂಗ್ ಓದುತ್ತಿರುವ ತಮ್ಮನಿಗೆ ಹೈಸ್ಕೂಲ್ ಮೇಷ್ಟ್ರ ಫೇಸ್‌ಬುಕ್ ಖಾತೆಯಿಂದ 'ನನ್ನ ಸ್ನೇಹಿತ ಸಿಆರ್‌ಪಿಎಫ್‌ನಲ್ಲಿದ್ದಾನೆ, ವರ್ಗ ಆಗಿದೆ, ಫ್ರಿಜ್, ಮಂಚ ಅಗ್ಗಕ್ಕೆ ಕೊಡ್ತಾನೆ' ಅಂತ ಮೆಸೇಜ್ ಬಂದಿದೆ, ಎಷ್ಟು ಹೇಳಿದರೂ ಅವನು ಕೇಳುತ್ತಿಲ್ಲ ಅಂದಿದ್ದೀರಿ. ಇದು ಹಳೇ ಮೋಸ. ಫ್ರಿಜ್ಜೂ ಇಲ್ಲ, ಯೋಧನೂ ಇಲ್ಲ. ಹೊಸದಾಗಿ ರೂಮ್ ಮಾಡಿರುವ ಹುಡುಗರು ಬೇಗ ಬೀಳುತ್ತಾರೆ.

ಬುದ್ಧಿವಾದ ಬೇಡ. ಮೊಬೈಲ್ ವಿಷಯದಲ್ಲಿ ನಾವು ಪಾಠ ಮಾಡಿದರೆ ಈ ವಯಸ್ಸಿನವರು ನಗುತ್ತಾರೆ ಅಷ್ಟೆ. ಅವನ ಕೈಯಿಂದಲೇ ಮೇಷ್ಟ್ರಿಗೆ ಫೋನ್ ಮಾಡಿಸಿ, ಮೊದಲಿನಿಂದ ಇರುವ ನಂಬರಿಗೆ. ಮೆಸೇಜಿನಲ್ಲಿ ಕೊಟ್ಟ ನಂಬರಿಗಲ್ಲ. ಆಮೇಲೆ ಇಬ್ಬರೂ ಕೂತು ಖಾತೆ ನೋಡಿ: ಫೋಟೊಗಳೆಲ್ಲ ಒಂದೇ ದಿನ ಹಾಕಿದ್ದಾ? ಮೇಷ್ಟ್ರದ್ದೇ ಇನ್ನೊಂದು ಹಳೇ ಖಾತೆ ಇದೆಯಾ? ಅಸಲಿ ಖಾತೆಯೇ ಹ್ಯಾಕ್ ಆಗಿದ್ದರೆ ಇದರಿಂದ ಏನೂ ತಿಳಿಯಲ್ಲ, ಅದಕ್ಕೇ ಫೋನ್ ಮೊದಲು ಅಂದದ್ದು.

'ಅಡ್ವಾನ್ಸ್ ವಾಪಸ್ ಹಾಕ್ತೀನಿ, ಕ್ಯೂಆರ್ ಸ್ಕ್ಯಾನ್ ಮಾಡು' ಅಂದರೆ ಮುಟ್ಟಲೇಬಾರದು. ಸ್ಕ್ಯಾನ್ ಮಾಡಿ ಪಿನ್ ಹಾಕಿದರೆ ನಮ್ಮ ಹಣವೇ ಹೋಗುತ್ತದೆ; ಹಣ ಬರೋದಕ್ಕೆ ಯುಪಿಐ ಪಿನ್ ಬೇಕಾಗಿಲ್ಲ.

ಈಗಾಗಲೇ ಕಳಿಸಿಬಿಟ್ಟಿದ್ದಾನಾ? ಬೈಯೋದು ಆಮೇಲೆ, ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ಹೇಳಿದರೆ ಹಣ ತಡೆಹಿಡಿಯುವ ಸಾಧ್ಯತೆ ಇರುತ್ತದೆ. ಬೈಗುಳಕ್ಕೆ ಹೆದರಿ ಮುಚ್ಚಿಟ್ಟರೆ ಆ ಹೊತ್ತೂ ಹೋಯಿತು. ಚಾಟ್ ಅಳಿಸಬೇಡಿ, ಸ್ಕ್ರೀನ್‌ಶಾಟ್, ಪಾವತಿಯ ಯುಟಿಆರ್ (ವಹಿವಾಟಿನ ಗುರುತು) ಸಂಖ್ಯೆ ಇಟ್ಟುಕೊಂಡು ಹಾಸನದ ಸೆನ್ (ಸೈಬರ್ ಅಪರಾಧ ನೋಡಿಕೊಳ್ಳುವ ಪೊಲೀಸ್) ಠಾಣೆಗೆ ಹೋಗಿ. ಐಟಿ ಕಾಯ್ದೆಯ 66ಡಿ ಕಲಮಿನಲ್ಲಿ ಇದಕ್ಕೆ 3 ವರ್ಷದವರೆಗೆ ಜೈಲು ಇದೆ.

ಮೇಷ್ಟ್ರಿಗೂ ಹೇಳಿ, ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲಿ ಹಾಕಲಿ. ಉಳಿದ ಹಳೇ ವಿದ್ಯಾರ್ಥಿಗಳಿಗೂ ಇದೇ ಮೆಸೇಜ್ ಹೋಗಿರಬಹುದು.