ಶನಿವಾರದ ಸಿನಿಮಾ, ಭಾನುವಾರದ ಶಿಕ್ಷೆ

ಪ್ರಶ್ನೆ: ನನ್ನ ಊರು ಶಿರಸಿ ಕಡೆಯ ಒಂದು ಹಳ್ಳಿ. ಕಾರವಾರದಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದುಕೊಂಡು ಪಿಎಚ್.ಡಿ. ಮಾಡುತ್ತಿದ್ದೇನೆ, 2023ರಲ್ಲಿ ನೋಂದಣಿಯಾಗಿದೆ. ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳು (ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳು) ಮತ್ತು ಉಪ್ಪು ತಾಳುವ ಕಗ್ಗ ಭತ್ತದ ಬೇಸಾಯ ನನ್ನ ವಿಷಯ. ಮೂರನೇ ಅಧ್ಯಾಯ ಹಿಡಿದು ಎರಡು ತಿಂಗಳಾಯಿತು. ಅದರಲ್ಲಿ ಮೂರು ವಾರ ಅಡಿಟಿಪ್ಪಣಿಗಳನ್ನು ಸರಿಪಡಿಸುವುದರಲ್ಲೇ ಹೋಯಿತು. ಶನಿವಾರ ಮಧ್ಯಾಹ್ನ ಎರಡರಿಂದ ಆರರವರೆಗೆ ಬರೆಯುವ ರೂಢಿ. ಕಳೆದ ಶನಿವಾರ ನಾಲ್ಕು ಗಂಟೆಗೆ ಗೆಳತಿಯರು ಕಾರು ತಂದು ಬಾಗಿಲಲ್ಲಿ ನಿಂತರು. ಗೋವಾದ ಮಡಗಾಂವ್‌ಗೆ ಸಿನಿಮಾಕ್ಕೆ ಹೊರಟೇಬಿಟ್ಟೆವು. ಮಧ್ಯಂತರದಲ್ಲಿ ಮೊಬೈಲಿನಲ್ಲಿ ಅಧ್ಯಾಯ ತೆರೆದು ಕುಳಿತೆ. ಮನೆ ಸೇರಿದಾಗ ರಾತ್ರಿ ಹನ್ನೆರಡು. ಭಾನುವಾರವಿಡೀ ತಪ್ಪಿತಸ್ಥಳಂತೆ ಕುಳಿತಿದ್ದೆ, ಒಂದು ಸಾಲೂ ಬರೆಯಲಾಗಲಿಲ್ಲ. ಪ್ರಬಂಧ ಮುಗಿಯುವವರೆಗೆ ಸಿನಿಮಾವನ್ನೇ ಬಿಟ್ಟುಬಿಡಬೇಕು ಎಂದುಕೊಂಡಿದ್ದೇನೆ. ಇದು ಸರಿಯೇ? ಗೆಳತಿ ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲಿ ಹಾಕಿದ ಫೋಟೊವನ್ನು ನನ್ನ ಮಾರ್ಗದರ್ಶಕರು ನೋಡಿದ್ದಾರೆ. ಅವರಿಗೆ ಏನು ಹೇಳಲಿ?
— ಓದುಗಿ, ಕಾರವಾರ

ಉತ್ತರ: ಮೊದಲು ಲೆಕ್ಕ ನೋಡೋಣ. ನೀವು ಮನೆ ಬಿಟ್ಟದ್ದು ನಾಲ್ಕಕ್ಕೆ, ಬರೆಯುವ ಸಮಯ ಮುಗಿಯುತ್ತಿದ್ದುದು ಆರಕ್ಕೆ. ಸಿನಿಮಾ ನಿಮ್ಮಿಂದ ತೆಗೆದುಕೊಂಡದ್ದು ಎರಡು ಗಂಟೆ. ಉಳಿದ ಆರು ಗಂಟೆ ಹೇಗೂ ಊಟ, ಹರಟೆ, ನಿದ್ದೆಗೆ ಹೋಗುವಂಥದ್ದು. ಆದರೆ ಭಾನುವಾರದ ಇಡೀ ದಿನವನ್ನೂ ನೀವು ಸಿನಿಮಾದ ಖಾತೆಗೇ ಬರೆದಿದ್ದೀರಿ. ಅಡಿಟಿಪ್ಪಣಿಯ ಮೂರು ವಾರವನ್ನು ಮಾತ್ರ ಯಾರ ಖಾತೆಗೂ ಬರೆದಿಲ್ಲ, ಪತ್ರದಲ್ಲಿ ಒಂದು ವಾಕ್ಯದಲ್ಲಿ ದಾಟಿಸಿಬಿಟ್ಟಿದ್ದೀರಿ. ಮುಗಿಯದ ಅಧ್ಯಾಯದ ಅಡಿಟಿಪ್ಪಣಿಗಳಲ್ಲಿ ಅಲ್ಪವಿರಾಮ ಎಲ್ಲಿ, ಪುಟಸಂಖ್ಯೆ ಎಲ್ಲಿ ಎಂದು ಮೂರು ವಾರ ತಿದ್ದುವುದು ಕೆಲಸದ ವೇಷ ತೊಟ್ಟ ತಪ್ಪಿಸಿಕೊಳ್ಳುವಿಕೆ. ಕೈಯಲ್ಲಿ ಲೇಖನಿ ಇರುವುದರಿಂದ ಯಾರೂ ಬೈಯುವುದಿಲ್ಲ, ನಿಮ್ಮ ಮನಸ್ಸು ಕೂಡ. ಸಿನಿಮಾಕ್ಕೆ ಅಂಥ ವೇಷವಿಲ್ಲ, ಹಾಗಾಗಿ ಅದು ಸಿಕ್ಕಿಬಿದ್ದಿದೆ.

ಭಾನುವಾರದ್ದು ಬೇರೆಯೇ ವಿಷಯ. ಕೆನಡಾದ ಮನಶ್ಶಾಸ್ತ್ರಜ್ಞ ಮೈಕೆಲ್ ವೋಲ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಮೊದಲ ವರ್ಷದ ವಿದ್ಯಾರ್ಥಿಗಳನ್ನು ಗಮನಿಸಿದರು. ಮೊದಲ ಪರೀಕ್ಷೆಗೆ ಓದುವುದನ್ನು ಮುಂದೂಡಿದ ತಮ್ಮನ್ನು ತಾವೇ ಕ್ಷಮಿಸಿಕೊಂಡವರು ಮುಂದಿನ ಪರೀಕ್ಷೆಗೆ ಓದುವಾಗ ಕಡಿಮೆ ಮುಂದೂಡಿದರು. ನಮ್ಮ ಮನೆಗಳಲ್ಲಿ ಕಲಿಸಿದ್ದು ಇದಕ್ಕೆ ಉಲ್ಟಾ: ತಪ್ಪು ಮಾಡಿದರೆ ಮೂಲೆಯಲ್ಲಿ ಕೂರು. ನೀವು ಭಾನುವಾರ ಮಾಡಿದ್ದು ಅದನ್ನೇ. ಮೂಲೆಯಲ್ಲಿ ಕೂತವಳ ಕೈಯಿಂದ ಅಧ್ಯಾಯ ಬರುವುದಿಲ್ಲ. ಇನ್ನೂ ಕೆಟ್ಟದ್ದೆಂದರೆ, ಇಂಥ ಎರಡು ಮೂರು ಭಾನುವಾರಗಳು ಕಳೆದ ಮೇಲೆ ಗಾಬರಿ ಹುಟ್ಟುತ್ತದೆ. ಗಾಬರಿಯಲ್ಲಿ ಬರೆದವರು ಬೇರೆಯವರ ಪ್ಯಾರಾಗಳನ್ನು ಎತ್ತಿ ಅಂಟಿಸುತ್ತಾರೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2018ರ ನಿಯಮದಲ್ಲಿ ಶೇಕಡಾ 10ರವರೆಗಿನ ಹೋಲಿಕೆಗೆ ದಂಡವಿಲ್ಲ, ಅದನ್ನು ದಾಟಿದರೆ ತಿದ್ದಿ ಮತ್ತೆ ಸಲ್ಲಿಸಬೇಕು, ಶೇಕಡಾ 60 ದಾಟಿದರೆ ನೋಂದಣಿಯೇ ರದ್ದು. ಸಿನಿಮಾ ನೋಡಿ ನೋಂದಣಿ ಕಳೆದುಕೊಂಡವರನ್ನು ನಾನು ಕಂಡಿಲ್ಲ.

ಮಧ್ಯಂತರದಲ್ಲಿ ಮೊಬೈಲು ತೆರೆದ ಸಂಗತಿಯನ್ನು ನೀವು ಶ್ರದ್ಧೆಯ ಸಾಕ್ಷಿಯಾಗಿ ಬರೆದಂತಿದೆ. ನನಗೆ ಇಡೀ ಪತ್ರದಲ್ಲಿ ಹೆಚ್ಚು ಕಳವಳ ತಂದದ್ದು ಅದೇ. ಕಾರು, ಗಂಟೆ, ಸ್ಟೇಟಸ್ ಎಲ್ಲ ಬರೆದ ನೀವು ಸಿನಿಮಾದ ಹೆಸರನ್ನೂ ಬರೆದಿಲ್ಲ. ಕಾಳಿ ಸೇತುವೆ ದಾಟಿ, ಮಾಜಾಳಿಯ ಗಡಿ ದಾಟಿ, ಕಾಣಕೋಣದ ತಿರುವುಗಳಲ್ಲಿ ಹೊಟ್ಟೆ ತೊಳಸಿಕೊಂಡು ಎಪ್ಪತ್ತು ಕಿಲೋಮೀಟರ್ ಹೋದದ್ದಕ್ಕೆ ಸಿಕ್ಕಿದ್ದೇನು? ಸಿನಿಮಾವೂ ಅರ್ಧ, ಅಧ್ಯಾಯವೂ ಅರ್ಧ.

ಅರ್ಧಕ್ಕೆ ಬಿಟ್ಟ ಕೆಲಸ ತಲೆಯಲ್ಲಿ ಗುಂಯ್‌ಗುಡುತ್ತದೆ ಎಂಬುದನ್ನು ಬ್ಲೂಮಾ ಜೈಗಾರ್ನಿಕ್ ಎಂಬ ಮನಶ್ಶಾಸ್ತ್ರಜ್ಞೆ 1927ರಲ್ಲೇ ಬರೆದಿದ್ದರು. ಅದನ್ನು ಸುಮ್ಮನಾಗಿಸಲು ಕೆಲಸ ಮುಗಿಸಲೇಬೇಕೆಂದಿಲ್ಲ. ಮುಂದೆ ಎಲ್ಲಿಂದ, ಯಾವಾಗ ಹಿಡಿಯುತ್ತೇನೆ ಎಂಬುದನ್ನು ಖಚಿತವಾಗಿ ಗೊತ್ತುಮಾಡಿಕೊಂಡರೆ ಸಾಕು ಎಂದು 2011ರಲ್ಲಿ ಮಸಿಕಾಂಪೊ ಮತ್ತು ಬೌಮೈಸ್ಟರ್ ತೋರಿಸಿದರು. ಆದ್ದರಿಂದ ಗೆಳತಿಯರು ಹಾರ್ನ್ ಬಾರಿಸುತ್ತಿರಲಿ, ಎರಡು ನಿಮಿಷ ಕಾಯಲಿ. ಕಂಪ್ಯೂಟರಿನ ಪಕ್ಕದಲ್ಲಿ ಒಂದು ಚೀಟಿ ಇಡಿ. ಅದರ ಮೇಲೆ ‘ಅಧ್ಯಾಯ ಮುಂದುವರಿಸಬೇಕು’ ಎಂದು ಬರೆದರೆ ಪ್ರಯೋಜನವಿಲ್ಲ. ‘ಮಾಣಿಕಟ್ಟಾ ಗಜನಿ, ಮೂರನೇ ಸಂದರ್ಶನ. ಜಂತ್ರಡಿಯ (ಗಜನಿಯ ತೂಬಿನ) ಹಲಗೆ ಎತ್ತುವುದು ಯಾವಾಗ ಎಂದು ತೀರ್ಮಾನಿಸುವವರು ಯಾರು? ಸಿಗಡಿ ಗುತ್ತಿಗೆ ಹಿಡಿದವರು ಮತ್ತು ಕಗ್ಗ ಬಿತ್ತುವವರ ಉತ್ತರ ಅಕ್ಕಪಕ್ಕ ಇಡುವುದು. ಭಾನುವಾರ ಬೆಳಿಗ್ಗೆ 9’ ಎಂದು ಬರೆಯಿರಿ. ಬರೆಯುತ್ತಿದ್ದ ವಾಕ್ಯವನ್ನು ನಡುವೆ ನಿಲ್ಲಿಸಿದರೂ ನಡೆಯುತ್ತದೆ. ಮರುದಿನ ಕುಳಿತಾಗ ಅರ್ಧ ವಾಕ್ಯ ತಾನೇ ಕೈ ಹಿಡಿದು ಎಳೆಯುತ್ತದೆ. ಖಾಲಿ ಹಾಳೆ ಎಳೆಯುವುದಿಲ್ಲ.

ಇನ್ನು ಪ್ರತಿಜ್ಞೆ. ಬೇಡ. 2022ರ ನವೆಂಬರಿನಲ್ಲಿ ಬಂದ ಯುಜಿಸಿ ನಿಯಮಾವಳಿ ನಿಮಗೆ ಅನ್ವಯಿಸುತ್ತದೆ. ಅದರ ಪ್ರಕಾರ ಕೋರ್ಸ್‌ವರ್ಕ್ ಸೇರಿ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ, ಮರುನೋಂದಣಿಯಿಂದ ಇನ್ನೆರಡು, ಮಹಿಳೆಯರಿಗೆ ಅದರ ಮೇಲೂ ಎರಡು ವರ್ಷ ಸಡಿಲಿಕೆ ಕೊಡಲು ಅವಕಾಶವಿದೆ. ಅಷ್ಟು ಕಾಲ ಸಿನಿಮಾ ನೋಡದೆ ಇರುತ್ತೇನೆ ಎನ್ನುವುದು ತಪಸ್ಸು. ತಪಸ್ಸು ಮುರಿದ ದಿನ ಇನ್ನೊಂದು ಭಾನುವಾರ ಹೋಗುತ್ತದೆ.

ಹಾಗೆಂದು ಆರು ವರ್ಷವನ್ನು ನೋಡಿ ಹಾಯಾಗಿಯೂ ಇರಬೇಡಿ. ರೋಜರ್ ಬ್ಯೂಲರ್ ಮತ್ತು ಸಹೋದ್ಯೋಗಿಗಳ 1994ರ ಅಧ್ಯಯನ ನಿಮ್ಮಂಥವರ ಮೇಲೆಯೇ ನಡೆದದ್ದು: ಪದವಿಯ ಕೊನೆಯಲ್ಲಿ ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳು. ಎಷ್ಟು ದಿನ ಬೇಕು ಎಂದಾಗ ಅವರು ಕೊಟ್ಟ ಉತ್ತರದ ಸರಾಸರಿ ಸುಮಾರು 34 ದಿನ. ಎಲ್ಲವೂ ಕೆಟ್ಟುಹೋದರೆ ಎಷ್ಟು ಎಂದರೆ 49. ನಿಜವಾಗಿ ಹಿಡಿದದ್ದು 55. ಕೆಟ್ಟ ಕನಸಿನಲ್ಲಿ ಕಂಡದ್ದಕ್ಕಿಂತ ಒಂದು ವಾರ ಹೆಚ್ಚು.

ನಮ್ಮ ಜಿಲ್ಲೆಯಲ್ಲಿ ಲೆಕ್ಕ ತಪ್ಪಿಸಲು ಸಿನಿಮಾ ಬೇಕಾಗಿಯೇ ಇಲ್ಲ. ಜುಲೈಯಲ್ಲಿ ಗಾಳಿ ಮಳೆಗೆ ಕರೆಂಟು ಹೋದರೆ ಬರುವುದು ಯಾವಾಗಲೋ. ಊರಲ್ಲಿ ಅಡಿಕೆ ಕೊಯ್ಲು ಬಂತೆಂದರೆ ಪಿಎಚ್.ಡಿ. ಮಾಡುವ ಮಗಳ ಕೈಗೂ ಸುಲಿಯುವ ಕತ್ತಿ ಬರುತ್ತದೆ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆಯ ಜಾತ್ರೆಗೆ ನೆಂಟರೆಲ್ಲ ನಿಮ್ಮ ಮನೆಯಲ್ಲೇ ಉಳಿಯುತ್ತಾರೆ. ಇವನ್ನೆಲ್ಲ ನೀವು ವೇಳಾಪಟ್ಟಿಯಲ್ಲಿ ಬರೆದಿದ್ದೀರಾ? ವಾರಕ್ಕೆ ಏಳು ದಿನ ಬರೆಯುತ್ತೇನೆ ಎಂದು ಹಾಕಿಕೊಂಡವರು ನಾಲ್ಕು ದಿನ ಬರೆದು ಸೋತೆ ಎಂದುಕೊಳ್ಳುತ್ತಾರೆ. ನಾಲ್ಕು ದಿನ ಎಂದು ಹಾಕಿಕೊಂಡವರು ಅದೇ ನಾಲ್ಕು ದಿನ ಬರೆದು ಸಿನಿಮಾಕ್ಕೆ ಹೋಗುತ್ತಾರೆ. ಪಾಠ ಮಾಡಿ ಬರೆಯುವ ನಿಮಗೆ ನಾಲ್ಕೇ ಸರಿ. ಉಳಿದ ದಿನಗಳಲ್ಲಿ ಒಂದನ್ನು ಬಿಡುವಾಗಿ ಖಾಲಿ ಇಡಿ, ಹೆಸರು ಕೊಡಬೇಡಿ. ಕಾರು ಬಂದರೆ ಆ ದಿನ ಹೋಗುತ್ತದೆ, ಬಾರದಿದ್ದರೆ ನಿದ್ದೆ ಮಾಡಿ.

ಎಲ್ಲ ಕಾರಿಗೂ ಹತ್ತಬೇಕೆಂದಲ್ಲ. ಸಂಶೋಧನಾ ಸಲಹಾ ಸಮಿತಿಯ ಮುಂದೆ ಪ್ರತಿ ಸೆಮಿಸ್ಟರಿನಲ್ಲಿ ಪ್ರಗತಿ ಒಪ್ಪಿಸಬೇಕಲ್ಲ, ಅದರ ಹಿಂದಿನ ವಾರ ಬಾಗಿಲು ತೆರೆಯಬೇಡಿ. ಕುಮಟಾದಿಂದ ಸಂದರ್ಶನ ಮುಗಿಸಿ ಬಂದ ಸಂಜೆಯೂ ಬೇಡ. ಧ್ವನಿಮುದ್ರಣದಲ್ಲಿ ಮಾತು ಇರುತ್ತದೆ ನಿಜ, ಆದರೆ ಆ ಮುದುಕ ಕಗ್ಗದ ತೆನೆಯನ್ನು ಅಂಗೈಯಲ್ಲಿ ಉಜ್ಜಿ ತೋರಿಸಿದ್ದು, ಉಪ್ಪುನೀರು ನುಗ್ಗಿದ ವರ್ಷದ ಹೆಸರೆತ್ತಿದಾಗ ಸೊಸೆಯ ಮುಖ ನೋಡಿದ್ದು ಅದರಲ್ಲಿ ಇರುವುದಿಲ್ಲ. ಬೆಳಗಾಗುವುದರೊಳಗೆ ಅದು ಆರಿಹೋಗುತ್ತದೆ. ಮೂರನೆಯದನ್ನು ನೀವೇ ಪರೀಕ್ಷಿಸಿಕೊಳ್ಳಬೇಕು: ಹಾರ್ನ್ ಕೇಳುವ ಮೊದಲೇ ಕಿಟಕಿಯತ್ತ ನೋಡುತ್ತಿದ್ದಿರಾ? ಒಂದು ಶನಿವಾರ ನೋಡಿದರೆ ಅದು ದಣಿವು. ಸತತವಾಗಿ ನಾಲ್ಕು ಶನಿವಾರ ನೋಡಿದರೆ ಅಧ್ಯಾಯದಲ್ಲೇ ಏನೋ ಕೆಟ್ಟಿದೆ. ಆಗ ಮಡಗಾಂವ್‌ಗೂ ಬೇಡ, ಅಡಿಟಿಪ್ಪಣಿಗೂ ಬೇಡ, ಮಾರ್ಗದರ್ಶಕರ ಬಳಿಗೆ ಹೋಗಿ.

ಅಂದ ಹಾಗೆ ಮಾರ್ಗದರ್ಶಕರಿಗೆ ಸಮಜಾಯಿಷಿ ಕೊಡುವ ಅಗತ್ಯವಿಲ್ಲ. ಸ್ಟೇಟಸ್ ಇಪ್ಪತ್ತನಾಲ್ಕು ಗಂಟೆಗೆ ಮಾಯವಾಯಿತು. ನೀವು ಕ್ಷಮೆ ಕೇಳಿದರೆ ಅದು ವರ್ಷಗಟ್ಟಲೆ ಉಳಿಯುತ್ತದೆ. ಮುಂದಿನ ಶುಕ್ರವಾರ ಹತ್ತು ಪುಟ ಕಳುಹಿಸುತ್ತೇನೆ ಎಂದು ಬರೆಯಿರಿ, ಕಳುಹಿಸಿ.

ನನ್ನ ಸಂಶೋಧನೆಯ ದಿನಗಳಲ್ಲಿ ಧಾರವಾಡದಲ್ಲಿ ಒಮ್ಮೆ ಎರಡನೇ ಆಟಕ್ಕೆ ಹೋಗಿದ್ದೆ. ಮೂರು ಸಾಲು ಮುಂದೆ ನನ್ನ ಮಾರ್ಗದರ್ಶಕರು, ಮಡಿಲಲ್ಲಿ ಶೇಂಗಾ ಪೊಟ್ಟಣ. ದೀಪ ಹತ್ತಿದಾಗ ಇಬ್ಬರೂ ಗೋಡೆ ನೋಡಿದೆವು. ಎರಡು ದಿನ ಬಿಟ್ಟು ಅವರ ಕೋಣೆಗೆ ಅಧ್ಯಾಯ ಒಯ್ದು ಕೊಟ್ಟೆ. ಕನ್ನಡಕ ಏರಿಸಿಕೊಂಡು ಪುಟ ತಿರುವುತ್ತಾ, ‘ಉತ್ತರಾರ್ಧ ಸ್ವಲ್ಪ ಎಳೆದ ಹಾಗಾಯಿತು, ಅಲ್ಲವೇ?’ ಎಂದರು. ಯಾವುದರದ್ದು ಎಂದು ಕೇಳುವ ಧೈರ್ಯವಾಗಲಿಲ್ಲ. ಅಧ್ಯಾಯದ ಕೊನೆಯ ಹದಿನೈದು ಪುಟ ಕಡಿಮೆ ಮಾಡಿ ತಂದುಕೊಟ್ಟೆ.