ನಿಮ್ಮ ಫೋಟೋದಲ್ಲಿರುವುದು ಎಸಳಲ್ಲ

ನಮಸ್ಕಾರ. ಗ್ರೀನ್ ಮಾರ್ಷ್ ಹಾಕ್ ಎಂಬ ಏರೋಪ್ಲೇನ್ ಚಿಟ್ಟೆಯ, ಅಂದರೆ ಡ್ರ್ಯಾಗನ್‌ಫ್ಲೈನ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಚೆನ್ನಾಗಿದೆ. ಹಸಿರು-ಹಳದಿ ಮೈ, ಕಪ್ಪು ಪಟ್ಟೆ, ಬುಡದಲ್ಲಿ ಉಬ್ಬಿ ಆಮೇಲೆ ಸಪೂರವಾಗುವ ಹೊಟ್ಟೆ, ಎಲ್ಲ ಸರಿಯಾಗಿಯೇ ಬರೆದಿದ್ದೀರಿ. ಆದರೆ ಎರಡನೇ ಪ್ಯಾರಾ ಓದಿ ನನಗೆ ಸಿಟ್ಟು ಬಂತು.

"ಹೂವಿಂದ ಹೂವಿಗೆ ಹಾರಿ ಮಕರಂದ ಹೀರುವ ಮುಗ್ಧ ಜೀವಿ." ಯಾವ ಹೂವು ಸ್ವಾಮಿ? ಇದಕ್ಕೆ ಮಕರಂದ ಹೀರುವ ಕೊಳವೆಯೇ ಇಲ್ಲ, ಇರುವುದು ಅಗಿಯುವ ದವಡೆ. ಇನ್ನು "ಮುಗ್ಧ"! ನೊಣ, ಸೊಳ್ಳೆ ಹಾಗಿರಲಿ, ಇದು ಚಿಟ್ಟೆಗಳನ್ನು, ಬೇರೆ ಡ್ರ್ಯಾಗನ್‌ಫ್ಲೈಗಳನ್ನು, ಕೆಲವೊಮ್ಮೆ ತನ್ನದೇ ಜಾತಿಯವನ್ನೂ ಹಿಡಿದು ತಿನ್ನುತ್ತದೆ. ಕಡ್ಡಿಯ ತುದಿಯಲ್ಲಿ ಅಲುಗಾಡದೆ ಕೂತಿರುತ್ತದಲ್ಲ, ಅದು ಧ್ಯಾನ ಅಲ್ಲ, ಹೊಂಚು.

ಮುಂದಿನ ಸಾಲು: "ಒಂದೇ ದಿನದ ಬಾಳು." ಇದನ್ನು ಎಲ್ಲಿಂದ ತಂದಿರಿ? ರೆಕ್ಕೆ ಬರುವ ಮೊದಲೇ ಇದು ಮರಿಯಾಗಿ ನೀರಿನಲ್ಲಿ ಎಷ್ಟೋ ಕಾಲ ಬದುಕಿರುತ್ತದೆ. ಮಡಚಿಟ್ಟ ಕೆಳತುಟಿಯನ್ನು ಸರಕ್ಕನೆ ಮುಂದೆ ಚಾಚಿ ಸೊಳ್ಳೆಮರಿ ಹಿಡಿಯುತ್ತದೆ. ಇದರ ಬಗ್ಗೆ ನಿಮ್ಮಲ್ಲಿ ಒಂದು ಸಾಲೂ ಇಲ್ಲ.

ನಾನು ಕರಡು ತಿದ್ದಲು ಸೇರಿದ ಹೊಸತರಲ್ಲಿ ಹಿರಿಯ ಸಂಪಾದಕರೊಬ್ಬರಿದ್ದರು. ಇಂಥ ಸಾಲು ಕಂಡಲ್ಲೆಲ್ಲ ಪಕ್ಕದಲ್ಲಿ "ಯಾರು ನೋಡಿದ್ದು?" ಅಂತ ಕೆಂಪು ಪೆನ್ಸಿಲ್‌ನಲ್ಲಿ ಗೀಚಿಡೋರು. ವಿವರಣೆ ಕೊಡುವ ಅಭ್ಯಾಸವೇ ಇರಲಿಲ್ಲ, ಮಾತೂ ಕಮ್ಮಿ. ನಾನು ಮನಸ್ಸಲ್ಲೇ ಬೈದುಕೊಂಡು ಲೇಖಕರಿಗೆ ಫೋನ್ ಮಾಡಿ ಕೇಳುತ್ತಿದ್ದೆ, ಅರ್ಧ ಜನ ಪಾಪ "ಸುಮ್ನೆ, ಚೆಂದ ಕಾಣ್ಲಿ ಅಂತ ಬರೆದೆ ಸಾರ್" ಅನ್ನುತ್ತಿದ್ದರು.

ನೀವು ಹಾಗೆ ಹೇಳುವಂತಿಲ್ಲ. ಯಾಕೆಂದರೆ ನೀವು ನೋಡಿದ್ದೀರಿ, ಫೋಟೋನೂ ತೆಗೆದಿದ್ದೀರಿ! ಕೆಳಗೆ "ಕಿತ್ತಳೆ ಎಸಳಿನ ಮೇಲೆ ವಿಶ್ರಾಂತಿ" ಅಂತ ಬರೆದಿದ್ದೀರಲ್ಲ, ಅದನ್ನು ಸ್ವಲ್ಪ ದೊಡ್ಡದು ಮಾಡಿ ನೋಡಿ. ಆ ಎಸಳಿಗೆ ನರಗಳ ಬಲೆ ಇದೆ, ಪಕ್ಕದಲ್ಲಿ ಎರಡು ಕಣ್ಣಿವೆ. ಅದು ಡಿಚ್ ಜ್ಯುವೆಲ್ ಅನ್ನುವ ಇನ್ನೊಂದು ಪುಟ್ಟ ಡ್ರ್ಯಾಗನ್‌ಫ್ಲೈನ ಗಂಡು. ನಿಮ್ಮ ಮುಗ್ಧ ಜೀವಿ ಮುಳ್ಳುಗಾಲುಗಳಲ್ಲಿ ಅದನ್ನು ಅವುಚಿಕೊಂಡು ತಿನ್ನುತ್ತಿದೆ. ಇಂಥ ಫೋಟೋ ಕೈಯಲ್ಲಿ ಇಟ್ಟುಕೊಂಡು ಮಕರಂದದ ಕಥೆ ಬರೆದರೆ ಹೊಟ್ಟೆ ಉರಿಯಲ್ವಾ?

ಉಳಿದ ಪ್ಯಾರಾಗಳ ಬಗ್ಗೆ ಈಗ ಏನೂ ಹೇಳಲ್ಲ. ಆ ಫೋಟೋದಿಂದಲೇ ಶುರು ಮಾಡಿ ಮತ್ತೆ ಬರೆಯಿರಿ. ಹೇಗೆ ಹಿಡಿಯಿತು, ಎಲ್ಲಿಂದ ತಿನ್ನಲು ಶುರು ಮಾಡಿತು, ಕೆಳಗೆ ಏನು ಬಿತ್ತು, ನೆನಪಿದ್ದಷ್ಟು ಸಾಕು. ಫೋಟೋ ಮಾತ್ರ ಪೂರ್ತಿ ಸೈಜಿನಲ್ಲಿ ಮೇಲ್ ಮಾಡಿ, ವಾಟ್ಸಾಪ್ ಬೇಡ.