ಜರ್ಮನಿಯಲ್ಲಿ ಓದುತ್ತಾ ವಾರಾಂತ್ಯಕ್ಕೆ ಯುರೋಪ್ ಸುತ್ತಲು ಬೇರೆ ವೀಸಾ ಬೇಕಾ?

ಬೇಡ. ಜರ್ಮನಿಯ ರೆಸಿಡೆನ್ಸ್ ಪರ್ಮಿಟ್ ಇದ್ದರೆ ಉಳಿದ ಷೆಂಗೆನ್ ದೇಶಗಳಲ್ಲಿ (ಒಂದೇ ವೀಸಾ ವ್ಯವಸ್ಥೆಗೆ ಒಪ್ಪಿದ ಯುರೋಪಿನ ದೇಶಗಳ ಗುಂಪು) ಯಾವುದೇ 180 ದಿನಗಳ ಅವಧಿಯಲ್ಲಿ 90 ದಿನ ಸುತ್ತಬಹುದು. ಶನಿವಾರ, ಭಾನುವಾರದ ಓಡಾಟಕ್ಕೆ ಅದು ಧಾರಾಳ. ಪಾಸ್‌ಪೋರ್ಟ್, ಪರ್ಮಿಟ್ ಕಾರ್ಡ್ ಎರಡೂ ಜೊತೆಗಿರಲಿ, ಜೆರಾಕ್ಸ್ ಸಾಲದು. ಗಡಿ ದಾಟುವ ರೈಲಿನಲ್ಲಿ ಪೊಲೀಸರು ಕೇಳುವುದುಂಟು. ಆದರೆ ಲಂಡನ್, ಡಬ್ಲಿನ್ ಷೆಂಗೆನ್‌ನಲ್ಲಿಲ್ಲ, ಅವು ಈ ಲೆಕ್ಕಕ್ಕೆ ಬರುವುದಿಲ್ಲ.

ಇನ್ನು ದುಡ್ಡಿನ ವಿಷಯ. ಡಾಯ್ಚ್‌ಲಾಂಡ್ ಟಿಕೆಟ್ ಅನ್ನುವ, ಜರ್ಮನಿಯ ಸ್ಥಳೀಯ ರೈಲು-ಬಸ್‌ಗಳ ತಿಂಗಳ ಪಾಸ್ 2023ರ ಮೇನಲ್ಲಿ 49 ಯೂರೋಗೆ ಶುರುವಾಯಿತು, ಆಮೇಲೆ ದರ ಏರಿದೆ. ಎಷ್ಟೋ ಯೂನಿವರ್ಸಿಟಿಗಳ ವಿದ್ಯಾರ್ಥಿಗಳಿಗೆ ಇದು ಇನ್ನೂ ಕಡಿಮೆಗೆ ಸಿಗುತ್ತದೆ. ಐಸಿಇಯಂಥ ವೇಗದ ರೈಲಿಗೆ ನಡೆಯುವುದಿಲ್ಲ. ಆದರೆ ಮ್ಯೂನಿಕ್‌ನಿಂದ ನಿಧಾನದ ರೈಲು ಹತ್ತಿದರೆ ಇದೇ ಪಾಸಿನಲ್ಲಿ ಆಸ್ಟ್ರಿಯಾದ ಸಾಲ್ಜ್‌ಬರ್ಗ್ ಸೇರಬಹುದು, ಸುಮಾರು ಎರಡು ಗಂಟೆ. ನನ್ನ ಪ್ರಕಾರ ಮೊದಲ ಟ್ರಿಪ್‌ಗೆ ಇದೇ ಸರಿ.

ಅಗ್ಗದ ವಿಮಾನದ ಟಿಕೆಟ್ ಕಂಡ ಕೂಡಲೇ ಸುಮ್ನೆ ಬುಕ್ ಮಾಡಬೇಡಿ. ಫ್ರಾಂಕ್‌ಫರ್ಟ್-ಹಾನ್ ನಿಲ್ದಾಣ ಹೆಸರಿಗಷ್ಟೇ ಫ್ರಾಂಕ್‌ಫರ್ಟ್, ಊರಿಂದ ಸುಮಾರು 120 ಕಿ.ಮೀ. ದೂರ! ಬಸ್ ಚಾರ್ಜೂ ಸೇರಿಸಿ ನೋಡಿ.

26 ತುಂಬುವ ಮೊದಲೇ ಪ್ಯಾರಿಸ್ ಮುಗಿಸಿ. ಪರ್ಮಿಟ್ ಕಾರ್ಡ್ ತೋರಿಸಿದರೆ ಲೂವ್ರ್ ಮ್ಯೂಸಿಯಂ ಉಚಿತ. ಭಾನುವಾರ ಜರ್ಮನಿಯಲ್ಲಿ ಅಂಗಡಿಗಳು ಮುಚ್ಚಿರುತ್ತವೆ, ಹಾಗಾಗಿ ಹಾಲು, ತರಕಾರಿ ಹೊರಡುವ ಮೊದಲೇ ತಂದಿಡಿ.